ಕೌಲಿಯ ಕರುವೂ ಗಿಣ್ಣುಹಾಲಿನ ಚರಿತ್ರೆಯೂ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ರಾತ್ರಿ ಊಟದ ಹೊತ್ತಿಗೆ ಫೋನು ಮಾಡಿದನು. ಕೆಲವು ವರ್ಷ ಬೆಂಗಳೂರಿನಲ್ಲಿದ್ದು, ಈಗ ಊರಿಗೆ ಮರಳಿ, ಆರು ಹಸುಗಳನ್ನು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿರುವವನು. ಕುಶಲಪ್ರಶ್ನೆಗಳಾದ ಮೇಲೆ, "ಸಾರ್, ನೀವು ಹಸುವಿನ ನಾಲ್ಕು ಕೋಣೆಗಳ ಜಠರದ ಚಿತ್ರ ಬರೆಸಿದ್ದಿರಿ. ನನಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದಿರಿ. ಆದರೆ ಹುಟ್ಟಿದ ದಿನ ಆ ಹೊಟ್ಟೆಗೆ ಏನು ಹೋಗಬೇಕು, ಯಾವಾಗ ಹೋಗಬೇಕು ಎಂದು ಹೇಳಿಕೊಡಲಿಲ್ಲ" ಎಂದನು. ತಮಾಷೆಯೆಂದು ನಾನು ನಕ್ಕೆ. ಅವನು ನಗಲಿಲ್ಲ.

ಅವನ ಮನೆಯ ಹಸು ಒಂದು ಹೆಣ್ಣುಕರು ಹಾಕಿತ್ತು. ಹಾಕಿದ್ದು ರಾತ್ರಿ. ಮಾಸು ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂದು ಮನೆಯ ಹಿರಿಯರು ತಡೆದರು. ಮಾಸು ಬಿದ್ದದ್ದು ಮರುದಿನ ಮಧ್ಯಾಹ್ನ. ಮೂರನೆಯ ದಿನ ಕರುವಿಗೆ ಬಿಳಿ ಭೇದಿ ಹಿಡಿಯಿತು, ನಾಲ್ಕನೆಯ ದಿನ ಸತ್ತಿತು. "ಅದರಿಂದಲೇ ಸತ್ತಿತೇ ಸಾರ್?" ಎಂದು ಕೇಳಿದನು. ನಾನು ಪಶುವೈದ್ಯನಲ್ಲ, ನಿವೃತ್ತ ವಿಜ್ಞಾನದ ಮೇಷ್ಟ್ರು. ತಿಳಿದು ಹೇಳುತ್ತೇನೆ ಎಂದಷ್ಟೇ ಹೇಳಿ ಫೋನು ಇಟ್ಟೆ. ಆ ರಾತ್ರಿ ನಿದ್ರೆ ಬರಲಿಲ್ಲ. ಅವನು ಹೇಳಿದ್ದು ಅವನ ಕೊಟ್ಟಿಗೆಯ ಕಥೆಯಾದರೂ ನನಗೆ ಕೇಳಿಸಿದ್ದು ನಮ್ಮ ಮನೆಯ ಕಥೆ.

ನನಗೆ ಆಗ ಹತ್ತು ವರ್ಷ. ಮಲೆನಾಡಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಕೌಲಿ ಎಂಬ ಗಿಡ್ಡ ತಳಿಯ ಹಸುವಿತ್ತು. ಒಂದು ಮಳೆಗಾಲದ ಬೆಳಗಿನ ಜಾವ ಅದು ಕರು ಹಾಕಿತು. ಅಜ್ಜಿಯ ಕಟ್ಟಳೆ ಖಡಾಖಂಡಿತ: ಮಾಸು ಬೀಳುವ ಮೊದಲು ಕರು ಮೊಲೆಗೆ ಬಾಯಿ ಹಾಕಿದರೆ ಮಾಸು ಒಳಕ್ಕೆ ಸೇದಿಕೊಂಡು ಹಸು ಸಾಯುತ್ತದೆ. ಕರುವನ್ನು ಗೋಡೆಯ ಬದಿಯ ಗೂಟಕ್ಕೆ ಕಟ್ಟಿದರು. ಅದು ಕೂಗಿತು, ಕೌಲಿಯೂ ಕೂಗಿತು. ಅಮ್ಮ ಎರಡು ಬಾರಿ ಕೊಟ್ಟಿಗೆಗೆ ಹೋಗಿ ಬಂದು, "ಅತ್ತೇ, ಸ್ವಲ್ಪ ಬಿಡಲೇ?" ಎಂದು ಕೇಳಿದ್ದು ನನ್ನ ಕಿವಿಯಲ್ಲಿ ಇಂದಿಗೂ ಇದೆ. ಅಜ್ಜಿ ಬಿಡಗೊಡಲಿಲ್ಲ. ಮಾಸು ಬಿದ್ದಾಗ ದೀಪ ಹಚ್ಚುವ ಹೊತ್ತು. ಐದನೆಯ ದಿನ ಆ ಕರುವನ್ನು ಅಪ್ಪಯ್ಯ ಗುಡ್ಡದ ಬುಡದಲ್ಲಿ ಹೂಳಿ ಬಂದರು.

ಸಾವಿಗೆ ಕಾರಣ ಹುಡುಕುವುದು ಮನುಷ್ಯಸ್ವಭಾವ. ಅಜ್ಜಿ ಹುಡುಕಿದ ಕಾರಣವೆಂದರೆ ಅಮ್ಮ. ಅಮ್ಮ ಗಿಣ್ಣು ಮಾಡಿ ನೆರೆಮನೆಗೆ ಕಳಿಸಿದ್ದರಿಂದ ದೃಷ್ಟಿ ತಾಗಿತಂತೆ. ನೆರೆಮನೆಗೆ ಗಿಣ್ಣು ಕಳಿಸುವುದು ಊರಿಗೆಲ್ಲ ಇದ್ದ ಪದ್ಧತಿ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವರು ಒಂದು ಹಿಡಿ ಸಕ್ಕರೆಯನ್ನೋ ಬೆಲ್ಲದ ಚೂರನ್ನೋ ಹಾಕಿ ಕೊಡುತ್ತಿದ್ದರು. ಆದರೂ ಮಾತು ಅಮ್ಮನ ಮೇಲೆ ಬಂತು. ಅಮ್ಮ ಎದುರು ಮಾತನಾಡಲಿಲ್ಲ. ಆಮೇಲೆ ಎಷ್ಟೋ ಹಸುಗಳು ನಮ್ಮ ಕೊಟ್ಟಿಗೆಯಲ್ಲಿ ಕರು ಹಾಕಿದವು, ಅಮ್ಮನೇ ಗಿಣ್ಣು ಮಾಡಿದಳು, ಎಲ್ಲರಿಗೂ ಬಡಿಸಿದಳು. ತಾನು ಮಾತ್ರ ತಿನ್ನಲಿಲ್ಲ. ಕೇಳಿದರೆ "ನನಗೆ ಆಗುವುದಿಲ್ಲ" ಎನ್ನುತ್ತಿದ್ದಳು.

ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಈ ತಿಂಗಳುಗಳಲ್ಲಿ ನಾನು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುತ್ತ ಹೋದಂತೆ ಮೊದಲು ತಿಳಿದದ್ದು, ಅಜ್ಜಿ ಒಂಟಿಯಲ್ಲವೆಂಬುದು. ಮೊದಲ ಹಾಲಿನ ವಿಷಯದಲ್ಲಿ ಜಗತ್ತಿನ ಪಂಡಿತರು ಸುಮಾರು ಎರಡು ಸಾವಿರ ವರ್ಷ ಅಜ್ಜಿಯ ಪಕ್ಷದಲ್ಲಿಯೇ ಇದ್ದರು.

ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ, ಮೇವು ಸಮೃದ್ಧವಾಗಿರುವಲ್ಲಿ ಕತ್ತೆಯ ಮರಿಯು ಹುಟ್ಟಿದ ಎರಡು ದಿನದೊಳಗೆ ತಾಯಿಹಾಲಿನ ರುಚಿ ನೋಡಿದರೆ ಸಾಯುತ್ತದೆಂದು ಬರೆದನು. ಆ ರೋಗಕ್ಕೆ ಗಿಣ್ಣುಹಾಲಿನ ಹೆಸರಿನಿಂದಲೇ ಹುಟ್ಟಿದ ಒಂದು ಲ್ಯಾಟಿನ್ ಹೆಸರೂ ಇತ್ತು. ಎರಡನೆಯ ಶತಮಾನದ ವೈದ್ಯ ಸೊರಾನಸ್ ಮನುಷ್ಯಶಿಶುವಿಗೂ ತಾಯಿಯ ಮೊದಲ ದಿನಗಳ ಹಾಲು ಬೇಡವೆಂದನು. ನಮ್ಮ ಸುಶ್ರುತಸಂಹಿತೆಯೂ ಬಾಣಂತಿಗೆ ಹಾಲು ಇಳಿಯುವುದು ಮೂರು ನಾಲ್ಕು ದಿನಗಳ ಮೇಲೆ ಎಂದು ಹೇಳಿ, ಅಲ್ಲಿಯವರೆಗೆ ಶಿಶುವಿಗೆ ಜೇನು ತುಪ್ಪಗಳ ವಿಧಾನವನ್ನು ಹೇಳುತ್ತದೆ. ಹಳದಿ ಬಣ್ಣ, ಅಂಟು, ಕೆಲವೊಮ್ಮೆ ರಕ್ತದ ಎಳೆ; ಕಣ್ಣಿಗೆ ಅದು ಕೆಟ್ಟ ಹಾಲಿನಂತೆಯೇ ಕಾಣುತ್ತದೆ. ನೋಡಿ ತೀರ್ಮಾನಿಸಿದವರು ಹಾಗೆ ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಬ್ರಿಸ್ಟಲಿನ ವೈದ್ಯ ವಿಲಿಯಂ ಕ್ಯಾಡೊಗನ್ 1748ರಲ್ಲಿ ಒಂದು ಸಣ್ಣ ಪುಸ್ತಕ ಬರೆದು, ಮೊದಲ ಹಾಲು ಶಿಶುವಿಗೇ ಸೇರತಕ್ಕದ್ದೆಂದು ವಾದಿಸಿದನು. ಆದರೆ ಏಕೆ ಎಂಬುದಕ್ಕೆ ಆ ಕಾಲದಲ್ಲಿ ಸಿಗುತ್ತಿದ್ದ ಉತ್ತರ, ಅದು ಹೊಟ್ಟೆಯನ್ನು ತೊಳೆಯುವ ಭೇದಿ ಔಷಧ ಎಂಬುದಷ್ಟೇ. ನಾನೂ ತರಗತಿಯಲ್ಲಿ ಒಮ್ಮೆ ಹಾಗೆಯೇ ಹೇಳಿದ್ದೇನೆ. ಆ ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಉತ್ತರದ ಮೊದಲ ಎಳೆ ಸಿಕ್ಕಿದ್ದು ಕರುವಿನ ಹೊಟ್ಟೆಯಲ್ಲಲ್ಲ, ಜರ್ಮನಿಯ ಮ್ಯೂನಿಕ್ ನಗರದ ಹಸುಗೂಸುಗಳ ಬಟ್ಟೆಯಲ್ಲಿ. ಥಿಯೊಡೋರ್ ಎಶರಿಶ್ ಎಂಬ ಶಿಶುವೈದ್ಯನು 1885ರಲ್ಲಿ ನವಜಾತ ಶಿಶುಗಳ ಮಲವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ಹುಟ್ಟಿದೊಡನೆ ಹೋಗುವ ಕಪ್ಪು ಅಂಟುಮಲದಲ್ಲಿ ಅವನಿಗೆ ಬ್ಯಾಕ್ಟೀರಿಯಾ ಕಾಣಲಿಲ್ಲ. ಕೆಲವೇ ಗಂಟೆಗಳಲ್ಲಿ ಅವು ಕಾಣಿಸಿಕೊಂಡವು. ಶಿಶು ಹಾಲು ಕುಡಿಯತೊಡಗಿದ ಮೇಲೆ ಅವುಗಳ ಜಾತಿಯೇ ಬದಲಾಯಿತು. ಅವನು ಅಲ್ಲಿ ಗುರುತಿಸಿದ ಒಂದು ಸಣ್ಣ ಕಡ್ಡಿಯಾಕಾರದ ಜೀವಿಗೆ ಮುಂದೆ ಅವನದೇ ಹೆಸರು ಬಂತು. ನಾವು ಈಗ ಇ. ಕೋಲಿ ಎನ್ನುವುದು ಅದನ್ನೇ. ಖಾಲಿ ಮನೆಗೆ ಒಕ್ಕಲು ಬರುವಂತೆ ಹೊಸ ಹೊಟ್ಟೆಗೆ ಜೀವಿಗಳು ಒಂದರ ಹಿಂದೆ ಒಂದು ಬಂದು ನೆಲೆಸುತ್ತವೆ ಎಂಬ ತಿಳಿವಳಿಕೆ ಅಲ್ಲಿಂದ ಮೊದಲಾಯಿತು.

ಒಗಟು ಹುಟ್ಟಿದ್ದು ಕೆಲವು ವರ್ಷಗಳ ಮೇಲೆ. ಡೆನ್ಮಾರ್ಕಿನ ಪಶುವೈದ್ಯ ಸಿ. ಒ. ಜೆನ್ಸನ್ 1890ರ ದಶಕದಲ್ಲಿ ಬಿಳಿ ಭೇದಿಯಿಂದ ಸತ್ತ ಕರುಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಇದೇ ಜೀವಿ. ಆರೋಗ್ಯವಂತ ಕರುವಿನ ಕರುಳಿನಲ್ಲಿ ಇರುವುದೂ ಅದೇ, ಸತ್ತ ಕರುವಿನಲ್ಲಿ ಸಿಗುವುದೂ ಅದೇ. ಮನೆಯಲ್ಲಿ ಸದಾ ಇರುವವನೇ ಒಂದು ದಿನ ಕೊಲೆಗಾರನಾಗುವುದು ಹೇಗೆ?

ಇಷ್ಟರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಏರ್ಲಿಶ್ ಇಲಿಗಳೊಡನೆ ಇನ್ನೊಂದು ಪ್ರಯೋಗ ನಡೆಸುತ್ತಿದ್ದನು. ಅದಕ್ಕೆ ಅವನು ಆರಿಸಿಕೊಂಡ ವಿಷಗಳು ನಮ್ಮ ಬೇಲಿಸಾಲಿನವು: ಹರಳುಬೀಜದ ವಿಷ ಮತ್ತು ಗುಲಗಂಜಿಯ ವಿಷ. ನಾವು ಚಿಕ್ಕಂದಿನಲ್ಲಿ ಹೆಕ್ಕಿ ಡಬ್ಬಿ ತುಂಬುತ್ತಿದ್ದ, ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಅದೇ ಕೆಂಪು ಕಪ್ಪು ಗುಲಗಂಜಿ. ಅತಿ ಸಣ್ಣ ಪ್ರಮಾಣದಿಂದ ಮೊದಲುಮಾಡಿ ತಾಯಿ ಇಲಿಗೆ ವಿಷವನ್ನು ಅಭ್ಯಾಸ ಮಾಡಿಸಿದರೆ ಅದು ನಿರೋಧ ಪಡೆಯುತ್ತಿತ್ತು. ಏರ್ಲಿಶ್ ಮಾಡಿದ ಜಾಣತನವೆಂದರೆ ಮರಿಗಳನ್ನು ಅದಲುಬದಲು ಮಾಡಿದ್ದು. ನಿರೋಧವಿಲ್ಲದ ತಾಯಿಯ ಮರಿಗಳು ನಿರೋಧವುಳ್ಳ ಸಾಕುತಾಯಿಯ ಹಾಲು ಕುಡಿದಾಗ ಅವೂ ವಿಷವನ್ನು ತಾಳಿಕೊಂಡವು. ರಕ್ಷೆಯು ಹಾಲಿನ ಮೂಲಕ ಇಳಿಯುತ್ತದೆಂದು 1892ರಲ್ಲಿ ಅವನು ಪ್ರಕಟಿಸಿದನು.

ಈ ಎರಡು ಎಳೆಗಳನ್ನು ಕರುವಿನ ಮೈಮೇಲೆ ಹೊಸೆದವನು ಅಮೆರಿಕದ ಥಿಯೋಬಾಲ್ಡ್ ಸ್ಮಿತ್. ಅವನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ, ಬರಬೇಕಿತ್ತು. ಜರ್ಮನಿಯಿಂದ ವಲಸೆ ಬಂದ ದಂಪತಿಗಳ ಮಗನಾಗಿ 1859ರಲ್ಲಿ ಆಲ್ಬನಿಯಲ್ಲಿ ಹುಟ್ಟಿದವನು. ದನಗಳ ಒಂದು ಜ್ವರವನ್ನು ಉಣ್ಣೆ ಹರಡುತ್ತದೆಂದು 1893ರಲ್ಲಿ ಜೊತೆಗಾರನೊಡನೆ ತೋರಿಸಿಕೊಟ್ಟನು. ಸೊಳ್ಳೆಯಿಂದ ಮಲೇರಿಯಾ ಹರಡುವುದನ್ನು ರೊನಾಲ್ಡ್ ರಾಸ್ ಕಂಡುಹಿಡಿಯುವುದಕ್ಕೂ ಮೊದಲಿನ ಮಾತಿದು. ರೈತರು ಹೇಳುವುದನ್ನು ತಳ್ಳಿಹಾಕದೆ ಪರೀಕ್ಷಿಸಿ ನೋಡುವುದು ಅವನ ಗುಣ. ಉಣ್ಣೆಯ ಮೇಲಿನ ಸಂಶಯ ಮೊದಲು ದನಗಾರರದೇ ಆಗಿತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹುದ್ದೆಯನ್ನು ಬಿಟ್ಟು ಪ್ರಿನ್ಸ್‌ಟನ್ನಿನಲ್ಲಿ ರಾಕೆಫೆಲರ್ ಸಂಸ್ಥೆಯ ಪಶುರೋಗ ವಿಭಾಗದ ಮುಖ್ಯಸ್ಥನಾದಾಗ ಅವನಿಗೆ ಐವತ್ತೈದು ದಾಟಿತ್ತು.

ಅಲ್ಲಿ ಅವನೂ ರಾಲ್ಫ್ ಲಿಟ್ಲ್ ಎಂಬ ಪಶುವೈದ್ಯನೂ ಕೂಡಿ ಸರಳವೂ ಕ್ರೂರವೂ ಆದ ಒಂದು ಪ್ರಯೋಗವನ್ನು ಮಾಡಿದರು. ಒಂದೇ ಕೊಟ್ಟಿಗೆ, ಒಂದೇ ಆರೈಕೆ. ಕೆಲವು ಕರುಗಳಿಗೆ ಗಿಣ್ಣುಹಾಲು ಕೊಟ್ಟರು, ಕೆಲವಕ್ಕೆ ಅದನ್ನು ತಪ್ಪಿಸಿ ಮೊದಲ ದಿನದಿಂದಲೇ ಸಾಮಾನ್ಯ ಹಾಲು ಕೊಟ್ಟರು. ಗಿಣ್ಣು ಕುಡಿದವು ಬದುಕಿದವು. ಕುಡಿಯದವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಸತ್ತವುಗಳ ಒಳಾಂಗಗಳನ್ನು ಪರೀಕ್ಷಿಸಿದಾಗ ಕರುಳಿನಲ್ಲಿ ಇರಬೇಕಾದ ಅದೇ ಇ. ಕೋಲಿ ಕರುಳನ್ನು ದಾಟಿ ಮೈಯೆಲ್ಲ ಹರಡಿತ್ತು. 1922ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ತಲುಪಿದ ತೀರ್ಮಾನವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಸ್ವಲ್ಪ ದೊಡ್ಡದಾದ ಮೇಲೆ ಕರುವಿಗೆ ಏನೂ ಮಾಡದ ಸಾಧಾರಣ ಬ್ಯಾಕ್ಟೀರಿಯಾಗಳಿಂದ, ತನ್ನ ಕಾವಲು ತಾನೇ ಮಾಡಿಕೊಳ್ಳಲಾರದ ದಿನಗಳಲ್ಲಿ ಅದನ್ನು ಕಾಯುವುದು ಗಿಣ್ಣುಹಾಲು. ಅದು ಭೇದಿ ಔಷಧವಲ್ಲ. ಜೆನ್ಸನ್ನನ ಒಗಟು ಬಿಡಿಸಿದ್ದು ಹೀಗೆ. ಕೊಲೆಗಾರ ಹೊರಗಿನಿಂದ ಬಂದಿರಲಿಲ್ಲ, ಕಾವಲುಗಾರ ಬಂದಿರಲಿಲ್ಲ.

ಸ್ಮಿತ್ ಅಷ್ಟಕ್ಕೇ ನಿಲ್ಲಲಿಲ್ಲ. ಗಿಣ್ಣು ಸಿಗದಿದ್ದರೆ ಬದಲಿಯೇನು ಎಂದು ಹಸುವಿನ ರಕ್ತದ ಸೀರಮ್ಮನ್ನು ಕರುಗಳಿಗೆ ಕೊಟ್ಟು ನೋಡಿದನು. ಮೇರಿಯನ್ ಆರ್ಕಟ್ ಎಂಬ ವಿಜ್ಞಾನಿಯೊಡನೆ 1925ರಲ್ಲಿ ಎಳೆಗರುಗಳ ಕರುಳಿನ ಉದ್ದಕ್ಕೂ ಬ್ಯಾಕ್ಟೀರಿಯಾಗಳ ಲೆಕ್ಕ ತೆಗೆದನು. ಭೇದಿ ಹಿಡಿದ ಕರುಗಳಲ್ಲಿ ಇ. ಕೋಲಿಯು ಸಣ್ಣಕರುಳಿನ ಕೆಳಭಾಗದಲ್ಲಿ ಹೆಚ್ಚಿ, ಅಲ್ಲಿಂದ ಮೇಲಕ್ಕೆ ಏರುತ್ತ ಹೋಗುವುದು ಕಂಡಿತು. ಎಲ್ಲಿ ಮಿತವಾಗಿರಬೇಕೋ ಅಲ್ಲಿ ಗುಂಪುಗೂಡುವುದೇ ಭೇದಿಯ ಆರಂಭ.

ಕರುವೇ ಏಕೆ ಇಷ್ಟು ನಿರ್ಗತಿಕ ಎಂಬ ಪ್ರಶ್ನೆ ಬರುತ್ತದೆ. ಮನುಷ್ಯಶಿಶುವಿಗೆ ತಾಯಿಯ ಪ್ರತಿಕಾಯಗಳು, ಅಂದರೆ ರೋಗ ತಡೆಯುವ ಪ್ರೋಟೀನುಗಳು, ಗರ್ಭದಲ್ಲಿರುವಾಗಲೇ ಮಾಸಿನ ಮೂಲಕ ಬಂದು ಸೇರಿರುತ್ತವೆ. ಹಸುವಿನ ಮಾಸಿನ ರಚನೆ ಬೇರೆ. ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಪದರಗಳು ಹೆಚ್ಚು, ಪ್ರತಿಕಾಯಗಳು ದಾಟಲಾರವು. ಹುಟ್ಟಿದ ಕರುವಿನ ರಕ್ತದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಗಿಣ್ಣು ಕುಡಿದ ಮೇಲೆ ಆ ಜಾತಿಯ ಪ್ರೋಟೀನುಗಳು ಕರುವಿನ ರಕ್ತದಲ್ಲಿ ಒಮ್ಮೆಲೇ ಏರುವುದನ್ನು ಪಾಲ್ ಹೋವ್ 1921ರಲ್ಲಿಯೇ ಅಳೆದಿದ್ದನು.

ಇನ್ನೂ ಸೋಜಿಗದ್ದು ಆ ಬಾಗಿಲಿನ ಕಥೆ. ನಾವು ತಿಂದ ಪ್ರೋಟೀನು ಒಡೆದು ಚೂರಾದ ಮೇಲೆಯೇ ರಕ್ತ ಸೇರುವುದು. ಹುಟ್ಟಿದ ಕರುವಿನ ಕರುಳು ಮಾತ್ರ ದೊಡ್ಡ ಪ್ರತಿಕಾಯಗಳನ್ನು ಇಡಿಯಾಗಿಯೇ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಕೇಂಬ್ರಿಡ್ಜಿನ ವಿಜ್ಞಾನಿಗಳು 1951ರಲ್ಲಿ ಅವು ಕರುಳಿನಿಂದ ದುಗ್ಧರಸದ ನಾಳಗಳ ಮೂಲಕ ರಕ್ತಕ್ಕೆ ಹೋಗುವ ದಾರಿಯನ್ನು ತೋರಿಸಿದರು. ಈ ಬಾಗಿಲು ಹುಟ್ಟಿದ ಕ್ಷಣದಿಂದಲೇ ಮುಚ್ಚತೊಡಗುತ್ತದೆ. ಗಂಟೆ ಗಂಟೆಗೂ ಕಿರಿದಾಗುತ್ತ, ಸುಮಾರು ಇಪ್ಪತ್ತನಾಲ್ಕು ಗಂಟೆಯ ಹೊತ್ತಿಗೆ ಮುಚ್ಚಿಯೇ ಬಿಡುತ್ತದೆ. ಆಮೇಲೆ ಕೊಡದ ಗಿಣ್ಣುಹಾಲಾದರೂ ಕುಡಿಸಿ, ಹೊಟ್ಟೆ ತುಂಬುತ್ತದೆ, ಕರುಳಿನೊಳಗೆ ಅಷ್ಟಿಷ್ಟು ಉಪಕಾರವೂ ಆಗುತ್ತದೆ, ರಕ್ತಕ್ಕೆ ರಕ್ಷೆ ಸೇರುವುದಿಲ್ಲ.

ಕೌಲಿಯ ಕರುವನ್ನು ಗೂಟದಿಂದ ಬಿಚ್ಚಿದಾಗ ಆ ಬಾಗಿಲು ಬಹುಪಾಲು ಮುಚ್ಚಿತ್ತೆಂದು ಈಗ ನನಗೆ ಗೊತ್ತು.

ರಕ್ತದ ಲೆಕ್ಕದ ಜೊತೆಗೆ ಈಗ ಕರುಳಿನ ಒಕ್ಕಲುಗಳ ಲೆಕ್ಕವೂ ಸೇರಿದೆ. ಹೊಸ ಕರುಳಿನಲ್ಲಿ ಮೊದಲು ಬೀಡುಬಿಡುವುದು ಇ. ಕೋಲಿ ಮೊದಲಾದ, ಆಮ್ಲಜನಕವಿದ್ದರೂ ಇಲ್ಲದಿದ್ದರೂ ಬದುಕಬಲ್ಲ ಜೀವಿಗಳು. ಅವು ಅಲ್ಲಿನ ಆಮ್ಲಜನಕವನ್ನು ಮುಗಿಸಿದ ಮೇಲೆ, ಆಮ್ಲಜನಕವನ್ನು ಸಹಿಸದ ಬಿಫಿಡೊಬ್ಯಾಕ್ಟೀರಿಯಾದಂಥವು ನೆಲೆಯೂರುತ್ತವೆ. ಗಿಣ್ಣಿನಲ್ಲಿ ಇವಕ್ಕೆ ಆಹಾರವಾಗಬಲ್ಲ ವಿಶೇಷ ಸಕ್ಕರೆಗಳೂ ಇವೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಓದುವಾಗ ನನ್ನ ವಿದ್ಯಾರ್ಥಿಯ ಪ್ರಶ್ನೆಯನ್ನೇ ಅವರು ಎತ್ತಿಕೊಂಡಂತೆ ಅನಿಸಿತು. ಹೋಲ್‌ಸ್ಟೀನ್ ಗಂಡುಕರುಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಹುಟ್ಟಿದ ಮುಕ್ಕಾಲು ಗಂಟೆಗೆ, ಇನ್ನೊಂದಕ್ಕೆ ಆರು ಗಂಟೆಗೆ, ಮತ್ತೊಂದಕ್ಕೆ ಹನ್ನೆರಡು ಗಂಟೆಗೆ ಮೊದಲ ಗಿಣ್ಣು ಕೊಟ್ಟರು. ಬೇಗ ಕುಡಿದವುಗಳ ರಕ್ತದಲ್ಲಿ ಪ್ರತಿಕಾಯಗಳು ಹೆಚ್ಚಾಗಿದ್ದವು. ಆರಕ್ಕೂ ಹನ್ನೆರಡಕ್ಕೂ ದೊಡ್ಡ ಅಂತರವಿರಲಿಲ್ಲ. ಅಂದರೆ ಆರು ಗಂಟೆಯ ಹೊತ್ತಿಗೇ ನಷ್ಟವಾಗಿ ಹೋಗಿತ್ತು. ಹನ್ನೆರಡು ಗಂಟೆ ಕಾದವುಗಳ ಕರುಳಿನ ಗೋಡೆಯಲ್ಲಿ ಬಿಫಿಡೊಬ್ಯಾಕ್ಟೀರಿಯಾ ಮತ್ತು ಲ್ಯಾಕ್ಟೊಬ್ಯಾಸಿಲಸ್‌ಗಳು ಕಡಿಮೆಯಿರುವ ಸೂಚನೆಯೂ ಕಂಡಿತು.

ಇನ್ನು ಅಜ್ಜಿಯ ಕಟ್ಟಳೆಯ ತಿರುಳಿಗೆ ಬರೋಣ. ಕರು ಮೊಲೆಯುಂಡರೆ ಮಾಸು ಒಳಗೆ ಹೋಗುತ್ತದೆಯೇ? ನಡೆಯುವುದು ಇದಕ್ಕೆ ವಿರುದ್ಧ. ಕರು ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ರಸ ಸುರಿಯುತ್ತದೆ. ಹಾಲು ಇಳಿಸುವುದೂ ಅದೇ, ಗರ್ಭಕೋಶವನ್ನು ಸಂಕುಚಿಸಿ ಮಾಸನ್ನು ಹೊರದೂಡಲು ನೆರವಾಗುವುದೂ ಅದೇ. ಮಾಸಿಗಾಗಿ ಕರುವನ್ನು ಕಾಯಿಸುವುದೆಂದರೆ ಎರಡಕ್ಕೂ ತೊಡಕು. ಪಶುವೈದ್ಯರು ಇದನ್ನು ಹಳ್ಳಿ ಹಳ್ಳಿಗಳಲ್ಲಿ ಹೇಳುತ್ತ ಬಂದಿದ್ದಾರೆ. ಆದರೂ ಬೆಂಗಳೂರು ಕಂಡು ಬಂದ ನನ್ನ ವಿದ್ಯಾರ್ಥಿಯ ಮನೆಯಲ್ಲಿಯೇ ಕಟ್ಟಳೆ ಗೆದ್ದಿತು. ಹಿರಿಯರ ಎದುರು ಅವನು ಸುಮ್ಮನಿದ್ದನು, ಅಮ್ಮ ಸುಮ್ಮನಿದ್ದಂತೆ.

ಅಜ್ಜಿಯ ಕಟ್ಟಳೆಯೇ ಕೌಲಿಯ ಕರುವನ್ನು ಕೊಂದಿತೆಂದು ನಾನು ತೀರ್ಪು ಕೊಡುವುದಿಲ್ಲ. ಎಳೆಗರುವಿಗೆ ಭೇದಿ ತರುವ ವೈರಸ್ಸುಗಳಿವೆ. ಅವುಗಳಲ್ಲೊಂದಾದ ರೋಟಾವೈರಸ್ಸು ಕರುಗಳಲ್ಲಿ ಇರುವುದು ಅಮೆರಿಕದ ನೆಬ್ರಾಸ್ಕಾದಲ್ಲಿ ತಿಳಿದುಬಂದದ್ದೇ 1969ರಲ್ಲಿ. ಇ. ಕೋಲಿಯಲ್ಲಿಯೂ ಎಲ್ಲವೂ ಸಾಧುವಲ್ಲ. ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಕಾರುವ ಕೆಲವು ಪಂಗಡಗಳಿವೆ. ಮಳೆಗಾಲದ ಒದ್ದೆ ಕೊಟ್ಟಿಗೆ ಬೇರೆ. ಸಕಾಲಕ್ಕೆ ಗಿಣ್ಣು ಕುಡಿದ ಕರುಗಳೂ ಸಾಯುವುದುಂಟು. ಆದರೆ ಕಾಯಿಸಿದ ಕರುವಿಗೆ ಯುದ್ಧಕ್ಕೆ ಮೊದಲೇ ಆಯುಧ ಕಸಿದುಕೊಂಡಂತೆ ಆಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಅಮ್ಮನ ಕೈಯ ಗಿಣ್ಣಿಗೂ ನೆರೆಮನೆಯ ಕಣ್ಣಿಗೂ ಇದರಲ್ಲಿ ಪಾತ್ರವಿಲ್ಲ ಎಂಬುದರಲ್ಲಿಯೂ ಸಂಶಯವಿಲ್ಲ.

ಗಿಣ್ಣು ಮಾಡುವುದೇ ತಪ್ಪೇ ಎಂದು ನನ್ನ ತಂಗಿ ಈಗಾಗಲೇ ಕೇಳಿದ್ದಾಳೆ. ತಪ್ಪಲ್ಲ, ಕರುವಿನ ಪಾಲು ಮೊದಲು. ನಲವತ್ತು ಕಿಲೋ ತೂಗುವ ಹೋಲ್‌ಸ್ಟೀನ್ ಕರುವಿಗೆ ಮೊದಲ ಕೆಲವು ಗಂಟೆಗಳಲ್ಲಿ ಮೂರರಿಂದ ನಾಲ್ಕು ಲೀಟರು, ಅಂದರೆ ತೂಕದ ಹತ್ತರಲ್ಲೊಂದು ಭಾಗ, ಕುಡಿಸಬೇಕೆನ್ನುತ್ತಾರೆ. ಹೆಚ್ಚು ಹಾಲಿನ ಹಸುವಿನಲ್ಲಿ ಅಷ್ಟು ಕೊಟ್ಟ ಮೇಲೂ ಉಳಿಯಬಹುದು. ನಮ್ಮ ಗಿಡ್ಡ ಹಸುವಿನ ಕರು ಚಿಕ್ಕದು, ಕೆಚ್ಚಲೂ ಚಿಕ್ಕದು. ಅಲ್ಲಿ ಮೊದಲ ಹಾಲಿಗೆ ಪಾತ್ರೆ ಹಿಡಿಯುವ ಮುನ್ನ ಯೋಚಿಸಬೇಕು.

ಓದುತ್ತಿರುವಾಗ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಗಿಣ್ಣು ಏಕೆ ಗಟ್ಟಿಯಾಗುತ್ತದೆ? ಹೆಪ್ಪಿಲ್ಲ, ಹುಳಿಯಿಲ್ಲ, ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನೇ ಹೆಪ್ಪಾಗಿ ಕತ್ತರಿಸುವಂತಾಗುತ್ತದೆ. ಕಾಯಿಸಿದಾಗ ಹಾಗೆ ಗಟ್ಟಿಯಾಗುವ ಪ್ರೋಟೀನುಗಳು ಅದರಲ್ಲಿ ವಿಪರೀತವಾಗಿವೆ, ಆ ಪ್ರೋಟೀನುಗಳಲ್ಲಿ ದೊಡ್ಡ ಪಾಲು ಪ್ರತಿಕಾಯಗಳದೇ. ನಮ್ಮ ತಟ್ಟೆಯಲ್ಲಿ ಅಲುಗಾಡುವ ಆ ಹಳದಿ ತುಂಡು ಕರುವಿಗೆ ಸಲ್ಲಬೇಕಾಗಿದ್ದ ಕಾವಲುಪಡೆ. ಇಂದು ದೊಡ್ಡ ಡೈರಿಗಳಲ್ಲಿ ಗಿಣ್ಣಿನ ಗುಣವನ್ನು ಬ್ರಿಕ್ಸ್ ಮಾಪಕದಲ್ಲಿ ಅಳೆಯುತ್ತಾರೆ. ಇಪ್ಪತ್ತೆರಡು ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಒಳ್ಳೆಯದೆಂದು ಲೆಕ್ಕ. ಅಮ್ಮನ ಬಳಿ ಮಾಪಕವಿರಲಿಲ್ಲ. ಆದರೆ ಮೊದಲ ಕರೆಯ ಹಾಲಿಗೆ ಮೂರು ಪಾಲು ಸಾದಾ ಹಾಲು ಬೆರೆಸದಿದ್ದರೆ ಗಿಣ್ಣು ರಬ್ಬರಿನಂತಾಗುತ್ತದೆ, ಎರಡನೆಯ ದಿನದ್ದಕ್ಕೆ ಸಮಪಾಲು ಸಾಕು, ನಾಲ್ಕನೆಯ ದಿನದ್ದು ಹೆಪ್ಪೇ ಆಗುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಹಾಲಿನಲ್ಲಿ ರಕ್ಷೆ ದಿನದಿನಕ್ಕೆ ಇಳಿಯುವುದನ್ನು ಅವಳು ಸೌಟಿನಲ್ಲಿ ಅಳೆಯುತ್ತಿದ್ದಳು. ಏನನ್ನು ಅಳೆಯುತ್ತಿದ್ದೇನೆಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದ ವಿಜ್ಞಾನದ ಮೇಷ್ಟ್ರು ಮಗನಿಗೇ ಅದು ಗೊತ್ತಿರಲಿಲ್ಲ. ಸ್ಮಿತ್ ತನ್ನ ಲೇಖನ ಪ್ರಕಟಿಸಿದ್ದು ಅಮ್ಮ ಹುಟ್ಟುವ ಮೊದಲು.

ವಿದ್ಯಾರ್ಥಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. "ಹಾಗಾದರೆ ಈ ಬಾರಿ ನಾನೇ ರಾತ್ರಿ ಕೊಟ್ಟಿಗೆಯಲ್ಲಿ ಮಲಗುತ್ತೇನೆ ಸಾರ್" ಎಂದನು. ಕಳೆದ ಗುರುವಾರ ಅವನ ಇನ್ನೊಂದು ಹಸು ರಾತ್ರಿ ಎರಡು ಗಂಟೆಗೆ ಕರು ಹಾಕಿತು. ಎರಡೂವರೆಗೆ ಕರು ಕೆಚ್ಚಲಲ್ಲಿತ್ತು. ಮಾಸು ಬಿದ್ದದ್ದು ಬೆಳಿಗ್ಗೆ ಏಳಕ್ಕೆ. ಅಷ್ಟರಲ್ಲಿ ಕರು ಮೂರು ಸಲ ಕುಡಿದಿತ್ತಂತೆ. ಈ ಭಾನುವಾರ ಅವನೇ ಬಂದಿದ್ದನು, ಎರಡನೆಯ ದಿನದ ಹಾಲಿನ ಗಿಣ್ಣನ್ನು ಸ್ಟೀಲಿನ ಡಬ್ಬಿಯಲ್ಲಿ ತಂದಿದ್ದನು. ಕರು ಚೆನ್ನಾಗಿ ಓಡಾಡಿಕೊಂಡಿದೆ ಎಂದನು. ಹೊರಡುವಾಗ ನನ್ನ ಹೆಂಡತಿ ಡಬ್ಬಿಯನ್ನು ತೊಳೆದು, ಒರೆಸಿ, ಒಂದು ಹಿಡಿ ಸಕ್ಕರೆ ಹಾಕಿ ಅವನ ಕೈಗೆ ಕೊಟ್ಟಳು.